ಹುಲಿ ಮೇಲೆ ಕೂತಿರುವವರು ಯಾರು ಅಂತ ಅಮ್ಮ ಕೇಳಿದರು: ಪಾರೊ ತಕ್ತ್ಸಾಂಗ್ ಬಗ್ಗೆ ಗೊತ್ತಿರುವವರು ಹೇಳಿ

ಕೋಥ್ರೂಡ್ ಕನ್ನಡಿಗ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಪುಣೆಗೆ ಬಂದು ಹನ್ನೊಂದು ವರ್ಷ ಆಯಿತು, ಊರು ಕೊಳ್ಳೇಗಾಲದ ಕಡೆ. ಈ ಸಲ ದೀಪಾವಳಿ ಕಳೆದ ಮೇಲೆ ಅಮ್ಮನನ್ನು ಭೂತಾನ್‌ಗೆ ಕರೆದುಕೊಂಡು ಹೋಗೋಣ ಅಂತ ಇದ್ದೇನೆ. ಟ್ರಾವೆಲ್ಸ್‌ನವರು ಕೊಟ್ಟ ಕಾಗದದಲ್ಲಿ ಎರಡು ಚಿತ್ರ ಇತ್ತು. ಒಂದು, ಬಂಡೆಗೆ ಅಂಟಿಕೊಂಡ ಹಾಗೆ ಇರುವ ಆ ಮಠ, ಪಾರೊ ತಕ್ತ್ಸಾಂಗ್. ಇನ್ನೊಂದು, ಯಾರೋ ಒಬ್ಬರು ಕೋಪದ ಮುಖ ಮಾಡಿಕೊಂಡು ಹುಲಿ ಮೇಲೆ ಕೂತಿರುವುದು. ಅಮ್ಮ ಕನ್ನಡಕ ಹಾಕಿಕೊಂಡು ಎರಡು ನಿಮಿಷ ನೋಡಿದರು. ಆಮೇಲೆ, "ಇದು ನಮ್ಮ ಮಾದಪ್ಪ ಅಲ್ವೇನೋ?" ಅಂದರು.

ನಾನು ನಕ್ಕುಬಿಟ್ಟೆ. ಆದರೆ ಮಾದಪ್ಪ ಅಲ್ಲದಿದ್ದರೆ ಮತ್ತೆ ಯಾರು ಅಂದಾಗ ಮಾತು ಬರಲಿಲ್ಲ. ಬುದ್ಧನ ಮಠ ಅಂದಮೇಲೆ ಶಾಂತವಾಗಿ ಕಣ್ಣು ಮುಚ್ಚಿ ಕೂತ ಬುದ್ಧ ಇರಬೇಕಲ್ವಾ, ಹುಲಿ ಎಲ್ಲಿಂದ ಬಂತು? ಟ್ರಾವೆಲ್ಸ್‌ನವರನ್ನು ಕೇಳಿದರೆ "ಅಲ್ಲಿ ಗೈಡ್ ಹೇಳ್ತಾರೆ ಸರ್" ಅಂತ ಫೋನ್ ಇಟ್ಟರು. ಗೈಡ್ ಹೇಳುವುದು ಹಿಂದಿಯಲ್ಲಿ. ಅಮ್ಮನಿಗೆ ಪುಣೆಯ ತರಕಾರಿ ಮರಾಠಿ ಬರುತ್ತದೆ, ಹಿಂದಿ ಅಷ್ಟಕ್ಕಷ್ಟೆ. ಹಾಗಾಗಿ ಕಥೆ ಹೇಳುವ ಕೆಲಸ ನನ್ನ ತಲೆಗೇ ಬರುತ್ತದೆ.

ಹೋಗಿ ಬಂದವರು ದಯವಿಟ್ಟು ಹೇಳಿ. ಆ ಹುಲಿಯ ಕಥೆ ಏನು, ಒಳಗೆ ಏನೇನು ನೋಡಬೇಕು, ದಾರಿಯಲ್ಲಿ ಏನಿದೆ. ಅಮ್ಮನಿಗೆ 63. ಮಂಡಿ ನೋವು ಇದೆ, ಆದರೆ ಮೂರು ವರ್ಷದ ಹಿಂದಿನವರೆಗೂ ಮಾದಪ್ಪನ ಬೆಟ್ಟಕ್ಕೆ ನಡೆದುಕೊಂಡೇ ಹೋದವರು. ಹತ್ತಬಹುದಾ?

ಮಾಟುಂಗಾ ಫಿಲ್ಟರ್ ಕಾಫಿ:

ನಿಮ್ಮ ಅಮ್ಮ ಕೇಳಿದ್ದು ತಮಾಷೆ ಅಲ್ಲ ಮಾರಾಯ್ರೇ. 2019ರಲ್ಲಿ ನಾನು ಹೋದಾಗ ನನಗೂ ಮೊದಲು ಹೊಳೆದದ್ದು ಮಾದಪ್ಪನೇ.

ಅವರ ಹೆಸರು ಗುರು ಪದ್ಮಸಂಭವ. ಭೂತಾನ್‌ನಲ್ಲಿ ಗುರು ರಿಂಪೋಚೆ ಅನ್ನುತ್ತಾರೆ, ಎರಡನೇ ಬುದ್ಧ ಅಂತಲೇ ನಂಬುತ್ತಾರೆ. ಅಮ್ಮ ಯಾವಾಗಲಾದರೂ ಬೈಲಕುಪ್ಪೆಗೆ ಹೋಗಿದ್ದಾರಾ? ಅಲ್ಲಿನ ಗೋಲ್ಡನ್ ಟೆಂಪಲ್‌ನಲ್ಲಿ ಸಾಲಾಗಿ ಮೂರು ದೊಡ್ಡ ಬಂಗಾರದ ಬಣ್ಣದ ಮೂರ್ತಿಗಳಿವೆಯಲ್ಲ, ಬುದ್ಧನ ಪಕ್ಕದಲ್ಲಿ ಸಣ್ಣ ಮೀಸೆ ಬಿಟ್ಟು, ತಲೆಗೆ ಟೋಪಿ ಹಾಕಿ ಕೂತಿರುವವರು ಇವರೇ. ಇನ್ನೊಂದು ಕಡೆ ಇರುವುದು ಆಯುಷ್ಯ ಕೊಡುವ ಬುದ್ಧ ಅಮಿತಾಯುಸ್. ನಾವೆಲ್ಲ ಅಲ್ಲಿ ಹೋಗಿ ಫೋಟೊ ತೆಗೆದುಕೊಂಡು ಮೊಮೊ ತಿಂದು ಬಂದಿದ್ದೇವೆ, ಯಾರು ಅಂತ ಕೇಳಿಲ್ಲ.

ಇವರು ಹುಟ್ಟಿದ್ದು ತಾಯಿಯ ಹೊಟ್ಟೆಯಿಂದ ಅಲ್ಲ, ಕೆರೆಯ ತಾವರೆಯಲ್ಲಿ. ಅದಕ್ಕೇ ಪದ್ಮಸಂಭವ. 8ನೇ ಶತಮಾನದಲ್ಲಿ ಟಿಬೆಟ್ ರಾಜ ತ್ರಿಸೋಂಗ್ ದೇತ್ಸೆನ್ ಸಮ್ಯೆ ಅನ್ನುವಲ್ಲಿ ಮಠ ಕಟ್ಟಿಸುವಾಗ, ಹಗಲು ಕಟ್ಟಿದ ಗೋಡೆಯನ್ನು ರಾತ್ರಿ ಭೂತಗಳು ಬಂದು ಕೆಡವುತ್ತಿದ್ದವಂತೆ. ಅವುಗಳನ್ನು ಹದ್ದುಬಸ್ತಿಗೆ ತರಲು ಇವರನ್ನು ಕರೆಸಿದರು. ಭೂತಾನ್‌ನಲ್ಲೂ ಅದೇ ಕೆಲಸ. ಪಾರೊ ಕಣಿವೆಯಲ್ಲಿ ಸಿಂಗ್ಯೆ ಸಂಡ್ರುಪ್ ಅನ್ನುವ ಸ್ಥಳೀಯ ಶಕ್ತಿಯೊಂದು ಜನರನ್ನು ಕಾಡುತ್ತಿತ್ತು. ಗುರು ದೇಶದ ಪೂರ್ವ ಮೂಲೆಯ ಸಿಂಗ್ಯೆ ಜೊಂಗ್‌ನಿಂದ ಹೆಣ್ಣು ಹುಲಿಯ ಬೆನ್ನೇರಿ ಹಾರಿ ಬಂದು ಈ ಬಂಡೆಯ ಗವಿಗೆ ಇಳಿದರು. ಸಾಧು ರೂಪದಲ್ಲಿ ಅಲ್ಲ, ದೋರ್ಜೆ ಡ್ರೋಲೊ ಅನ್ನುವ ಉಗ್ರ ರೂಪದಲ್ಲಿ. ನಿಮ್ಮ ಕಾಗದದ ಚಿತ್ರ ಅದೇ. ಗುರುವಿಗೆ ಎಂಟು ಮುಖ್ಯ ರೂಪ, ಅದರಲ್ಲಿ ಇದು ಒಂದು. "ತಕ್" ಅಂದರೆ ಹುಲಿ, "ತ್ಸಾಂಗ್" ಅಂದರೆ ಗೂಡು. ಹುಲಿಗವಿ ಅಂತ ನಮ್ಮ ಕಡೆ ಎಷ್ಟು ಊರಲ್ಲಿ ಇಲ್ಲ ಹೇಳಿ!

ಒಂದು ವ್ಯತ್ಯಾಸ ಮಾತ್ರ ಅಮ್ಮನಿಗೆ ಹೇಳಿ. ಮಾದಪ್ಪ ಶ್ರವಣಾಸುರನನ್ನು ಮುಗಿಸಿದರು. ಗುರು ಮುಗಿಸಲಿಲ್ಲ. ಸಿಂಗ್ಯೆ ಸಂಡ್ರುಪ್‌ನನ್ನು ಮಣಿಸಿ, ಮಾತು ತೆಗೆದುಕೊಂಡು, ಇನ್ನುಮುಂದೆ ಈ ಜಾಗ ಕಾಯುವವನು ನೀನೇ ಅಂತ ಅಲ್ಲೇ ಕೂರಿಸಿದರು. ಇವತ್ತಿಗೂ ತಕ್ತ್ಸಾಂಗ್‌ನ ಕ್ಷೇತ್ರಪಾಲ ಅವನೇ. ನಮ್ಮ ತುಳುನಾಡಿನ ಭೂತಗಳ ಕಥೆ ಕೇಳಿ ಬೆಳೆದ ನನಗೆ ಇದು ಏನೂ ಹೊಸದು ಅನ್ನಿಸಲಿಲ್ಲ. ಗುಡಿಯ ಬಾಗಿಲಲ್ಲಿ ಕಾವಲಿಗೆ ನಿಂತಿರುವುದು ಮೊದಲು ತೊಂದರೆ ಕೊಟ್ಟವರೇ ಆಗಿರುತ್ತಾರೆ.

ಗುರು ಆ ಗವಿಯಲ್ಲಿ ಮೂರು ತಿಂಗಳು ಧ್ಯಾನ ಮಾಡಿದರು ಅನ್ನುತ್ತಾರೆ. ಇನ್ನೊಂದು ಲೆಕ್ಕದ ಪ್ರಕಾರ ಮೂರು ವರ್ಷ, ಮೂರು ತಿಂಗಳು, ಮೂರು ವಾರ, ಮೂರು ದಿನ, ಮೂರು ಗಂಟೆ. ನಮ್ಮ ಗೈಡ್ ಎರಡನ್ನೂ ಹೇಳಿದ, ಯಾವುದು ಸರಿ ಅಂದರೆ ನಕ್ಕ.

ಈಗ ದಾರಿ. ಪೈನ್ ಮರಗಳ ಕಾಡು, ತಿರುವು ತಿರುವಿಗೂ ಬಣ್ಣದ ಬಾವುಟ, ತೊರೆ ನೀರಿಗೆ ತಿರುಗುವ ಪ್ರಾರ್ಥನಾ ಚಕ್ರ. ಬಂಡೆ ಸಂದುಗಳಲ್ಲಿ ಕೈಯಷ್ಟು ಗಾತ್ರದ ಪುಟ್ಟ ಮಣ್ಣಿನ ಸ್ತೂಪಗಳನ್ನು ಸಾಲಾಗಿ ಇಟ್ಟಿರುತ್ತಾರೆ. ಮಕ್ಕಳು ಆಟದ ಸಾಮಾನು ಅಂತ ಕೈ ಹಾಕುತ್ತಾರೆ. ಬೇಡ. ತೀರಿಕೊಂಡವರ ಬೂದಿಯನ್ನು ಮಣ್ಣಿಗೆ ಬೆರೆಸಿ ಮಾಡಿರುತ್ತಾರೆ. ಅರ್ಧ ದಾರಿಯಲ್ಲಿ ಕೆಫೆಟೇರಿಯಾ. ಅಲ್ಲಿಂದ ಮೇಲೆ ಹೋದರೆ ಮಠದ ಎದುರು ಬಂಡೆಯ ಮೇಲೆ ಒಂದು ಜಾಗ, ಎಲ್ಲ ಕ್ಯಾಲೆಂಡರ್ ಫೋಟೊ ತೆಗೆಯುವುದು ಅಲ್ಲಿಂದಲೇ. ಮಠ ಕೈಗೆ ಸಿಗುವಷ್ಟು ಹತ್ತಿರ ಕಾಣುತ್ತದೆ. ಸಿಗುವುದಿಲ್ಲ! ನಡುವೆ ಕೊರಕಲು ಇದೆ. ಮೆಟ್ಟಿಲು ಇಳಿದು, ಸುಮಾರು 60 ಮೀಟರ್ ಎತ್ತರದಿಂದ ಬೀಳುವ ಜಲಪಾತದ ಬುಡದ ಸೇತುವೆ ದಾಟಿ, ಮತ್ತೆ ಹತ್ತಬೇಕು. ಇಳಿದು ಹತ್ತುವುದು ಎರಡೂ ಸೇರಿ ಸುಮಾರು 700 ಮೆಟ್ಟಿಲು ಅನ್ನುತ್ತಾರೆ, ನಾನು ಇನ್ನೂರರ ಹತ್ತಿರ ಎಣಿಕೆ ಬಿಟ್ಟೆ.

ಆ ಜಲಪಾತದ ಪಕ್ಕದಲ್ಲೇ ಬಂಡೆಯ ಸೀಳಿನಲ್ಲಿ ಒಂದು ಪುಟ್ಟ ಗುಡಿ ಸಿಕ್ಕಿಹಾಕಿಕೊಂಡ ಹಾಗೆ ಇದೆ. ಸಿಂಗ್ಯೆ ಫು, ಹಿಮಸಿಂಹದ ಗವಿ. ಗುರುವಿನ ಶಿಷ್ಯೆ ಯೆಶೆ ತ್ಸೋಗ್ಯಾಲ್ ಧ್ಯಾನ ಮಾಡಿದ ಜಾಗ. ಹೆಚ್ಚಿನ ಜನ ಜಲಪಾತದ ಜೊತೆ ಸೆಲ್ಫಿ ತೆಗೆದು ಮುಂದೆ ಹೋಗಿಬಿಡುತ್ತಾರೆ. ಆ ಹೆಣ್ಣು ಹುಲಿ ಬೇರೆ ಯಾರೂ ಅಲ್ಲ, ಇದೇ ಯೆಶೆ ತ್ಸೋಗ್ಯಾಲ್. ಟಿಬೆಟ್ ರಾಜನ ಹೆಂಡತಿಯಾಗಿದ್ದವರು, ಗುರುವಿನ ಶಿಷ್ಯೆಯಾಗಿ ಹುಲಿ ರೂಪ ತಾಳಿ ಗುರುವನ್ನು ಹೊತ್ತು ತಂದರು. ಹಾಗಾಗಿ ಆ ಚಿತ್ರದಲ್ಲಿ ಹುಲಿಯೂ ಪೂಜೆಗೆ ಅರ್ಹವೇ.

ಮಠದ ಬಾಗಿಲಲ್ಲಿ ಮೊಬೈಲ್, ಕ್ಯಾಮೆರಾ, ಬ್ಯಾಗ್ ಎಲ್ಲ ಕೊಟ್ಟು ಒಳಗೆ ಹೋಗಬೇಕು. ಒಳ್ಳೆಯದೇ ಆಯಿತು ಅನ್ನಿ. ಒಳಗೆ ಹೋದ ಮೇಲೆ ಒಂದು ಕಲ್ಲು ತೋರಿಸುತ್ತಾರೆ, ಅದರ ಮೇಲೆ ಹೆಜ್ಜೆ ಗುರುತು. ಅಲ್ಲಿ ನಿಂತು ಕಣ್ಣು ಮುಚ್ಚಿಕೊಂಡು, ಕೈ ಮುಂದೆ ಚಾಚಿ, ಎದುರಿನ ಬಂಡೆಯಲ್ಲಿರುವ ಸಣ್ಣ ತೂತಿಗೆ ಹೆಬ್ಬೆರಳು ಹಾಕಬೇಕು. ಹೋದರೆ ನಿಮ್ಮ ಕರ್ಮ ಚೆನ್ನಾಗಿದೆ ಅಂತ ಅರ್ಥ. ನಂದು ಒಂದು ಗೇಣು ಆಚೆ ಹೋಯಿತು. ಹೆಂಡತಿದು ಮೊದಲ ಸಲಕ್ಕೇ ಸರಿ ಕೂತಿತು, ಇವತ್ತಿಗೂ ಜಗಳ ಆದಾಗ ಅದನ್ನು ನೆನಪಿಸುತ್ತಾಳೆ.

ಗುರು ಧ್ಯಾನ ಮಾಡಿದ ಮೂಲ ಗವಿಯ ಹೆಸರು ಪೆಲ್ ಫುಗ್. ಅದಕ್ಕೆ ಬಂಗಾರದ ಬಾಗಿಲು. ವರ್ಷಕ್ಕೆ ಒಮ್ಮೆ ಮಾತ್ರ ತೆಗೆಯುತ್ತಾರೆ. ನೀವು ಹೋಗುವಾಗ ಮುಚ್ಚಿರುತ್ತದೆ, ಅಮ್ಮನಿಗೆ ಮೊದಲೇ ಹೇಳಿಬಿಡಿ, ಅಷ್ಟು ಹತ್ತಿ ಹೋಗಿ ಮುಚ್ಚಿದ ಬಾಗಿಲು ನೋಡಿ ಬೇಜಾರಾಗುವುದು ಬೇಡ. ಬಾಗಿಲಿಗೆ ಕೈ ಮುಗಿದರೆ ಸಾಕು.

ಡೊಂಬಿವಲಿ ಫಾಸ್ಟ್ ಲೋಕಲ್:

ಮಾಟುಂಗಾದವರು ಚೆನ್ನಾಗಿ ಬರೆದಿದ್ದಾರೆ, ಒಂದೆರಡು ಸೇರಿಸುತ್ತೇನೆ. ಹುಲಿ ಯಾರು ಅನ್ನುವುದರಲ್ಲಿ ಎರಡು ಮಾತು ಇದೆ. ಯೆಶೆ ತ್ಸೋಗ್ಯಾಲ್ ಅನ್ನುವವರು ಒಂದು ಕಡೆ. ಆದರೆ ತಾಶಿ ಖ್ಯಿಡ್ರೆನ್ ಅಂತ ಇನ್ನೊಬ್ಬ ಶಿಷ್ಯೆ ಇದ್ದರು, ಭೂತಾನ್‌ನವರೇ, ಹುಲಿಯಾಗಿದ್ದು ಅವರು ಅನ್ನುವವರೂ ಇದ್ದಾರೆ. ಊರಿನವರು ತಮ್ಮ ಊರಿನ ಹುಡುಗಿಯ ಹೆಸರು ಹೇಳುವುದು ಸಹಜ ಅಲ್ವಾ.

ಮತ್ತೆ, ಜನ ಅಲ್ಲಿ ಹೋಗಿ "ಸಾವಿರದ ಇನ್ನೂರು ವರ್ಷ ಹಳೆಯ ಕಟ್ಟಡ" ಅಂತ ಸ್ಟೇಟಸ್ ಹಾಕುತ್ತಾರೆ. ಹಳೆಯದು ಗವಿ, ಕಟ್ಟಡ ಅಲ್ಲ. ಗವಿಯ ಸುತ್ತ ಗುಡಿ ಕಟ್ಟಲು ಶುರು ಮಾಡಿದ್ದು 1692ರಲ್ಲಿ, ತೆನ್ಜಿನ್ ರಬ್ಗ್ಯೆ ಅನ್ನುವವರು. ಭೂತಾನ್‌ನ ನಾಲ್ಕನೇ ದೇಸಿ, ಅಂದರೆ ಆಡಳಿತ ನಡೆಸುವವರು. ಅದು ಕೂಡ 1998ರ ಏಪ್ರಿಲ್ 19ರಂದು ಬೆಂಕಿಗೆ ಸಿಕ್ಕಿ ಮುಖ್ಯ ಭಾಗ ಸುಟ್ಟು ಹೋಯಿತು. ಮತ್ತೆ ಮೊದಲಿನ ಹಾಗೇ ಕಟ್ಟಿ ಮುಗಿಸಿದ್ದು 2005ರಲ್ಲಿ. ನೀವು ನೋಡುವ ಕಟ್ಟಡದ ಹೆಚ್ಚಿನ ಪಾಲು ನಮ್ಮ ಡೊಂಬಿವಲಿಯ ಎಷ್ಟೋ ಬಿಲ್ಡಿಂಗ್‌ಗಿಂತ ಹೊಸದು. ಆದರೆ ಇದು ಎಷ್ಟು ಹೊತ್ತು ಬೇಕಾದರೂ ನಿಲ್ಲುತ್ತದೆ, ನಮ್ಮ ಬಿಲ್ಡಿಂಗ್ ಮಳೆಗಾಲಕ್ಕೆ ಹೆದರುತ್ತದೆ, ಅದು ಬೇರೆ ಮಾತು.

ಗುರುವಿನ ನಂತರ 853ರಲ್ಲಿ ಲಾಂಗ್‌ಚೆನ್ ಪೆಲ್ಕಿ ಸಿಂಗ್ಯೆ ಅನ್ನುವ ಶಿಷ್ಯರು ಬಂದು ಧ್ಯಾನ ಮಾಡಿದರು. ಗವಿಗೆ ಪೆಲ್ ಫುಗ್ ಅಂತ ಹೆಸರು ಬಂದದ್ದು ಅವರಿಂದ. ಅವರು ತೀರಿಕೊಂಡಿದ್ದು ನೇಪಾಳದಲ್ಲಿ. ಆದರೆ ದೇಹ ದೈವದ ಶಕ್ತಿಯಿಂದ ತಕ್ತ್ಸಾಂಗ್‌ಗೇ ವಾಪಸ್ ಬಂತು ಅಂತ ನಂಬಿಕೆ. ಮೆಟ್ಟಿಲು ಹತ್ತಿದ ಕೂಡಲೇ ಎಡಗಡೆ ಕೋಣೆಯ ಸ್ತೂಪದಲ್ಲಿ ಅದು ಇದೆ ಅನ್ನುತ್ತಾರೆ. ಟಿಬೆಟ್‌ನ ಯೋಗಿ ಮಿಲರೇಪ ಕೂಡ ಇಲ್ಲಿ ಬಂದು ಕೂತಿದ್ದರಂತೆ.

ನನಗೆ ತುಂಬಾ ಇಷ್ಟವಾದ ಕಥೆ ತೆನ್ಜಿನ್ ರಬ್ಗ್ಯೆ ಅವರದು. ಗುಡಿ ಕಟ್ಟುವಾಗ ಅವರನ್ನು ಜನ ಗವಿಯ ಒಳಗೂ ಹೊರಗೂ ಒಂದೇ ಹೊತ್ತಿಗೆ ನೋಡಿದರಂತೆ. ಸ್ವಲ್ಪ ಅಡುಗೆಯಲ್ಲೇ ಬಂದವರಿಗೆಲ್ಲ ಊಟ ಸಾಕಾಯಿತಂತೆ. ಅಷ್ಟು ಜಾರುವ ದಾರಿಯಲ್ಲಿ ಒಬ್ಬರಿಗೂ ಗಾಯ ಆಗಲಿಲ್ಲ, ಆಕಾಶದಿಂದ ಹೂಮಳೆ ಬಿತ್ತು, ಆದರೆ ಹೂ ನೆಲ ಮುಟ್ಟುವ ಮೊದಲೇ ಮಾಯ. ಕಟ್ಟಡ ಹೇಗೆ ನಿಂತಿದೆ ಅಂತ ಕೇಳಿದರೆ, ದೇವಕನ್ಯೆಯರ ಕೂದಲಿನಿಂದ ಬಂಡೆಗೆ ಕಟ್ಟಿದ್ದಾರೆ ಅನ್ನುತ್ತಾರೆ. ಸಿವಿಲ್ ಓದಿದವನು ನಾನು, ಎದುರು ನಿಂತು ನೋಡಿದಾಗ ಈ ಉತ್ತರ ಅಷ್ಟೇನೂ ಕೆಟ್ಟದಲ್ಲ ಅನ್ನಿಸಿತು.

ಪಿಂಪ್ರಿ ಮಂದಿ:

ಅಣ್ಣಾರ, ನಾ ಭೂತಾನ್ ನೋಡಿಲ್ಲ. ಹುಬ್ಬಳ್ಳಿಯವನು, ಪಿಂಪ್ರಿಯಲ್ಲಿ ಕೆಲಸ, ಭಾನುವಾರ ಬಂತು ಅಂದರೆ ಗುಡ್ಡ. ಅದಕ್ಕೇ ಒಂದು ಮಾತು ಹೇಳಲಿಕ್ಕೆ ಬಂದೆ. ಅಮ್ಮನ ಮಂಡಿ ಪರೀಕ್ಷೆ ಮಾಡಲು ಪಾರೊದವರೆಗೆ ಹೋಗಬೇಡಿ, ಮೊದಲು ಕಾರ್ಲಾ ಗವಿ ಹತ್ತಿಸಿ. ಪುಣೆಯಿಂದ ಲೋಣಾವಳ ಲೋಕಲ್ ಹಿಡಿದು ಮಳವಲಿಯಲ್ಲಿ ಇಳಿಯಿರಿ, ಅಲ್ಲಿಂದ ರಿಕ್ಷಾ. ಮುನ್ನೂರಕ್ಕೂ ಜಾಸ್ತಿ ಮೆಟ್ಟಿಲು ಇವೆ. ಕಷ್ಟ ಆದರೆ ಸ್ಟೇಷನ್ನಿನ ಇನ್ನೊಂದು ಬದಿಗೆ ಭಾಜಾ ಗವಿ, ಅದು ಸುಲಭ. ಇದು ಮಂಡಿಗೆ ಮಾತ್ರ ಅಭ್ಯಾಸ, ಉಸಿರಿಗೆ ಅಲ್ಲ, ಅದು ನೆನಪಿರಲಿ. ತಕ್ತ್ಸಾಂಗ್ ಇರುವುದು 3120 ಮೀಟರ್ ಎತ್ತರದಲ್ಲಿ.

ಆದರೆ ಕಾರ್ಲಾಕ್ಕೆ ಹೋಗಿ ಅನ್ನಲು ನಿಜವಾದ ಕಾರಣ ಬೇರೆ. ಅದು ಕೂಡ ಬಂಡೆಯ ಮಠವೇ. ಭೂತಾನ್‌ನವರು ಗವಿಯ ಹೊರಗೆ ಕಟ್ಟಿದರು, ಇಲ್ಲಿನವರು ಬಂಡೆಯ ಒಳಗೆ ಕೊರೆದರು. ಘಟ್ಟ ದಾಟುವ ವ್ಯಾಪಾರದ ದಾರಿಯ ಪಕ್ಕದಲ್ಲಿ, ಮಳೆಗಾಲದಲ್ಲಿ ಭಿಕ್ಷುಗಳು ತಿರುಗಾಡದೆ ಒಂದೇ ಕಡೆ ಇರಲು. ದೊಡ್ಡ ಚೈತ್ಯದ, ಅಂದರೆ ಸ್ತೂಪ ಇರುವ ಪ್ರಾರ್ಥನಾ ಮಂದಿರದ, ಉದ್ದ ಸುಮಾರು 37 ಮೀಟರ್, ನಮ್ಮ ದೇಶದ ಬಂಡೆ ಕೊರೆದ ಚೈತ್ಯಗಳಲ್ಲಿ ಇದೇ ದೊಡ್ಡದು. ತಲೆ ಎತ್ತಿ ನೋಡಿ, ಛಾವಣಿಯ ಕಮಾನಿಗೆ ಮರದ ತೊಲೆಗಳಿವೆ. ಅವು ಮೊನ್ನೆ ಹಾಕಿದ್ದಲ್ಲ, ಮೂಲದವೇ, ಸುಮಾರು ಎರಡು ಸಾವಿರ ವರ್ಷದವು.

ಈಗ ಕೇಳಿ. ಒಳಗೆ ಹೋಗುವ ಮೊದಲು ವರಾಂಡದ ಎಡ ತುದಿಯ ಗೋಡೆ ನೋಡಿ. ಅಲ್ಲಿ ಬ್ರಾಹ್ಮಿ ಲಿಪಿಯಲ್ಲಿ ಒಂದು ಸಾಲು ಇದೆ. ವೈಜಯಂತಿಯ ಸೆಟ್ಟಿ ಭೂತಪಾಲ ಈ ಕಲ್ಲುಮನೆಯನ್ನು ಮಾಡಿ ಮುಗಿಸಿದ, ಇದು ಜಂಬೂದ್ವೀಪದಲ್ಲೇ ಉತ್ತಮ ಅಂತ. ವೈಜಯಂತಿ ಅಂದರೆ ಬಹಳ ವಿದ್ವಾಂಸರು ಹೇಳುವುದು ನಮ್ಮ ಬನವಾಸಿಯನ್ನೇ! ನಾವು ಪುಣೆಗೆ ಬಂದು ಇಲ್ಲಿ ಹೊರಗಿನವರು ಅಂತ ಮುಖ ಸಣ್ಣ ಮಾಡಿಕೊಂಡು ತಿರುಗುತ್ತೇವೆ, ಬನವಾಸಿಯ ಸೆಟ್ಟಿ ಎರಡು ಸಾವಿರ ವರ್ಷದ ಹಿಂದೆ ಬಂದು ಹೆಸರು ಕೊರೆಸಿ ಹೋಗಿದ್ದಾನೆ. ಅದೂ ಸಂಕೋಚ ಇಲ್ಲದೆ, ದೇಶದಲ್ಲೇ ಉತ್ತಮ ಅಂತ.

ಕಥೆ ಬೇಕಾದರೆ ಅಲ್ಲೂ ಇದೆ. ಚೈತ್ಯದ ಬಾಗಿಲ ಮುಂದೆಯೇ ಏಕವೀರಾ ದೇವಿಯ ಗುಡಿ. ಕೋಳಿ ಜನರ, ಅಂದರೆ ಮೀನುಗಾರರ ಕುಲದೇವತೆ, ಮುಂಬೈ ಕಡಲ ತೀರದಿಂದ ತಂಡ ತಂಡವಾಗಿ ಬರುತ್ತಾರೆ. ವನವಾಸದಲ್ಲಿದ್ದ ಪಾಂಡವರಿಗೆ ದೇವಿ ಒಂದೇ ರಾತ್ರಿಯಲ್ಲಿ ಗುಡಿ ಕಟ್ಟಿ ಅಂದಳಂತೆ, ಅವರು ಕಟ್ಟಿದರಂತೆ. ಪಾಂಡವರಿಗೆ ವನವಾಸದಲ್ಲಿ ನಿದ್ದೆಯೇ ಇರಲಿಲ್ಲ ಅಂತ ಕಾಣುತ್ತದೆ, ಎಲ್ಲ ಊರಿನ ಗವಿಯೂ ಅವರದೇ ಕೆಲಸ. ಭಾನುವಾರ ಮತ್ತು ಚೈತ್ರದ ಜಾತ್ರೆಗೆ ಹೋಗಬೇಡಿ, ಮೆಟ್ಟಿಲ ಮೇಲೆ ಕಾಲಿಡಲು ಜಾಗ ಇರುವುದಿಲ್ಲ.

ವಾಶಿ ಅಕ್ಕ:

ಕಥೆ ಎಲ್ಲ ಆಯಿತು, ಸ್ವಲ್ಪ ಕೆಲಸದ ಮಾತು ಹೇಳುತ್ತೇನೆ. ನಾನು ನಮ್ಮ ಅತ್ತೆಯವರನ್ನು ಕರೆದುಕೊಂಡು ಹೋಗಿದ್ದೆ, ಅವರಿಗೆ ಆಗ 66.

ನಮಗೆ ವೀಸಾ ಬೇಡ, ಪರ್ಮಿಟ್ ಬೇಕು. ಅದಕ್ಕೆ ಪಾಸ್‌ಪೋರ್ಟ್ ಅಥವಾ ವೋಟರ್ ಕಾರ್ಡ್. ಆಧಾರ್ ತೋರಿಸಿದರೆ ನಡೆಯುವುದಿಲ್ಲ, ನಮ್ಮ ಗುಂಪಿನಲ್ಲಿ ಒಬ್ಬರು ಗಡಿಯಲ್ಲೇ ಅಳುವ ಹಾಗಾಯಿತು. ನಾವು ಭಾರತದವರು ತಲೆಗೆ ಒಂದು ರಾತ್ರಿಗೆ 1200 ರೂಪಾಯಿ ಸರ್ಕಾರಿ ಶುಲ್ಕ ಕಟ್ಟಬೇಕು. ಹೋಟೆಲ್, ಊಟ ಅದರಲ್ಲಿ ಸೇರಿಲ್ಲ. ಟ್ರಾವೆಲ್ಸ್‌ನವರು ಹೇಳಿದ ಮೊತ್ತದಲ್ಲಿ ಇದು ಸೇರಿದೆಯಾ ಅಂತ ಈಗಲೇ ಕೇಳಿ, ನಮಗೆ ಆಮೇಲೆ ಗೊತ್ತಾಯಿತು.

ಹೋದ ದಿನವೇ ಹತ್ತಿಸಬೇಡಿ. ತಕ್ತ್ಸಾಂಗ್ ಕೊನೆಯ ದಿನಕ್ಕೆ ಇಟ್ಟುಕೊಳ್ಳಿ, ಅಷ್ಟರಲ್ಲಿ ಮೈ ಆ ಗಾಳಿಗೆ ಹೊಂದಿಕೊಂಡಿರುತ್ತದೆ. ಬೆಳಿಗ್ಗೆ ಬೇಗ ಶುರು ಮಾಡಿ. ಕೆಫೆಟೇರಿಯಾದ ತನಕ ಕುದುರೆ ಸಿಗುತ್ತದೆ, ಆದರೆ ಹತ್ತಲು ಮಾತ್ರ, ಇಳಿಯುವಾಗ ನಡೆದೇ ಬರಬೇಕು. ಮಂಡಿ ನೋವಿನವರಿಗೆ ಇಳಿಯುವುದೇ ಜಾಸ್ತಿ ಕಷ್ಟ, ಯಾರೂ ಇದನ್ನು ಹೇಳುವುದಿಲ್ಲ. ಕುದುರೆ ದಾರಿಯ ಅಂಚಿನಲ್ಲೇ ನಡೆಯುತ್ತದೆ, ನಮ್ಮ ಅತ್ತೆ ಕಣ್ಣು ಮುಚ್ಚಿಕೊಂಡು ವಿಷ್ಣು ಸಹಸ್ರನಾಮ ಹೇಳುತ್ತಾ ಹೋದರು. ಅರ್ಧ ಮುಗಿಯುವಷ್ಟರಲ್ಲಿ ಕೆಫೆಟೇರಿಯಾ ಬಂತು. ಅವರು ಅಲ್ಲೇ ಕೂತರು. ಅಲ್ಲಿಂದಲೂ ಮಠ ಕಾಣುತ್ತದೆ. "ನಾನು ಇಲ್ಲಿಂದಲೇ ಕೈ ಮುಗಿದೆ, ನೀನು ಹೋಗಿ ಬಾ" ಅಂದರು. ಅವರಿಗೆ ಬೇಜಾರೇನೂ ಆಗಲಿಲ್ಲ, ಬೇಜಾರಾಗಿದ್ದು ನನಗೆ. ನಿಮ್ಮ ಅಮ್ಮ ಅಷ್ಟಕ್ಕೇ ನಿಂತರೂ ಒತ್ತಾಯ ಮಾಡಬೇಡಿ.

ತುಂಬು ತೋಳಿನ ಬಟ್ಟೆ ಬೇಕು, ಒಳಗೆ ಟೋಪಿ ತೆಗೆಯಬೇಕು. ಪ್ರದಕ್ಷಿಣೆ ನಮ್ಮ ಹಾಗೇ ಬಲಕ್ಕೆ.

ಹತ್ತಲು ಆಗದಿದ್ದರೆ, ಆದರೂ ಸರಿ, ಪಾರೊದಲ್ಲೇ ಕಿಚು ಲಾಖಾಂಗ್ ಅನ್ನುವ ಗುಡಿ ಬಿಡಬೇಡಿ. ಮೆಟ್ಟಿಲು ಇಲ್ಲ, ಗಾಡಿ ಹತ್ತಿರಕ್ಕೇ ಹೋಗುತ್ತದೆ. 7ನೇ ಶತಮಾನದಲ್ಲಿ ಟಿಬೆಟ್ ರಾಜ ಸೋಂಗ್‌ತ್ಸೆನ್ ಗಂಪೊ ಕಟ್ಟಿಸಿದ್ದು ಅನ್ನುತ್ತಾರೆ. ಒಬ್ಬ ರಾಕ್ಷಸಿ ಹಿಮಾಲಯದ ಉದ್ದಕ್ಕೂ ಅಂಗಾತ ಮಲಗಿದ್ದಳಂತೆ, ಬುದ್ಧನ ಮಾತು ಹರಡಲು ಬಿಡುತ್ತಿರಲಿಲ್ಲ. ರಾಜ 108 ಗುಡಿ ಕಟ್ಟಿಸಿ ಅವಳ ಮೈಯನ್ನು ನೆಲಕ್ಕೆ ಮೊಳೆ ಹೊಡೆದ ಹಾಗೆ ಹಿಡಿದಿಟ್ಟ. ಕಿಚು ಇರುವುದು ಅವಳ ಎಡ ಪಾದದ ಮೇಲೆ. ಅಂಗಳದಲ್ಲಿ ಎರಡು ಕಿತ್ತಳೆ ಗಿಡ, ವರ್ಷ ಪೂರ್ತಿ ಹಣ್ಣು ಬಿಡುತ್ತವೆ ಅನ್ನುತ್ತಾರೆ. ನಾವು ಹೋದಾಗ ಇತ್ತು. ಅತ್ತೆಯವರಿಗೆ ಇಡೀ ಪ್ರವಾಸದಲ್ಲಿ ನೆನಪಿರುವುದು ಅದೇ ಗಿಡ.

ಕೋಥ್ರೂಡ್ ಕನ್ನಡಿಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬರುತ್ತದೆ ಅಂದುಕೊಂಡಿರಲಿಲ್ಲ. ಉತ್ತರ ಬರೆಯಲು ತಡವಾಯಿತು, ಯಾಕೆಂದರೆ ಕಾರ್ಲಾಕ್ಕೆ ಹೋಗಿ ಬಂದೇ ಬರೆಯೋಣ ಅಂತ ಕಾದೆ.

ಬುಧವಾರ ರಜೆ ಹಾಕಿ ಹೋದೆವು. ಅಮ್ಮ ಮೂರು ಕಡೆ ಕೂತು ಹತ್ತಿದರು. ಮೊದಲು ಏಕವೀರಾಗೆ ತೆಂಗಿನಕಾಯಿ. ಆಮೇಲೆ ವರಾಂಡದ ಎಡ ತುದಿಯಲ್ಲಿ ಬನವಾಸಿ ಸೆಟ್ಟಿಯ ಸಾಲು ಹುಡುಕಿದೆವು, ಕಾವಲಿನವರು ತೋರಿಸಿದರು. ಓದಲು ನನಗೆ ಬರುವುದಿಲ್ಲ, ಅಮ್ಮ ಮಾತ್ರ ಅದರ ಮುಂದೆ ನಿಂತು "ನಮ್ಮವರು" ಅಂತ ಆ ಕಾವಲಿನವರಿಗೆ ತಮ್ಮ ತರಕಾರಿ ಮರಾಠಿಯಲ್ಲಿ ಹೇಳಿದರು. ಚೈತ್ಯದ ಒಳಗೆ ಸ್ತೂಪಕ್ಕೆ ಒಂದು ಸುತ್ತು ಬಂದು, ಮೆಲ್ಲಗೆ "ಉಘೇ ಮಾದಪ್ಪ" ಅಂದರು. ಅದು ಕಂಬಗಳ ಸಾಲಲ್ಲಿ ಓಡಾಡಿ ವಾಪಸ್ ಬಂತು. ನಾನು ಸುತ್ತ ನೋಡಿದೆ, ಯಾರೂ ಬೈಯಲಿಲ್ಲ.

ವಾಪಸ್ ಬರುವಾಗ ಲೋಕಲ್‌ನಲ್ಲಿ ಹುಲಿ ಕಥೆ ಪೂರ್ತಿ ಹೇಳಿದೆ. ಆ ದುಷ್ಟಶಕ್ತಿಯನ್ನು ಕೊಲ್ಲದೆ ಕಾವಲಿಗೆ ಕೂರಿಸಿದರು ಅಂದದ್ದು ಅವರಿಗೆ ಹಿಡಿಸಿತು. ಹುಲಿ ಅಂದರೆ ಹೆಂಗಸು ಅಂದದ್ದು ಇನ್ನೂ ಹಿಡಿಸಿತು. "ಹೊತ್ತವಳು ಅವಳು, ಹೆಸರು ಗುರುವಿಂದು" ಅಂದು ಕಿಟಕಿ ಕಡೆ ತಿರುಗಿದರು. ಹೆಬ್ಬೆರಳಿನ ತೂತಿನ ವಿಷಯಕ್ಕೆ ಮಾತ್ರ ಒಪ್ಪಲಿಲ್ಲ. "ಅಷ್ಟು ದೂರ ಹೋಗಿ ಯಾಕೆ ಫೇಲ್ ಆಗಲಿ, ನಾನು ಕಣ್ಣು ಬಿಟ್ಟುಕೊಂಡೇ ಇಡುತ್ತೇನೆ."

ಟಿಕೆಟ್ ಆಯಿತು. 1200 ಸೇರಿರಲಿಲ್ಲ ವಾಶಿ ಅಕ್ಕ, ನೀವು ಹೇಳಿದ್ದು ಒಳ್ಳೆಯದಾಯಿತು. ತಕ್ತ್ಸಾಂಗ್ ಕೊನೆಯ ದಿನಕ್ಕೆ ಇಟ್ಟಿದ್ದೇವೆ. ಒಂದೇ ಒಂದು ಪ್ರಶ್ನೆ ಉಳಿದಿದೆ, ಊರುಗೋಲು ಇಲ್ಲಿಂದ ತೆಗೆದುಕೊಂಡು ಹೋಗಬೇಕಾ?

ಮಾಟುಂಗಾ ಫಿಲ್ಟರ್ ಕಾಫಿ:

ಬೇಡ ಮಾರಾಯ್ರೇ, ಬೆಟ್ಟದ ಬುಡದಲ್ಲೇ ಮರದ ಕೋಲು ಬಾಡಿಗೆಗೆ ಸಿಗುತ್ತದೆ. ಎರಡು ತೆಗೆದುಕೊಳ್ಳಿ, ಒಂದು ನಿಮಗೆ.